ಶೀನಣ್ಣನ ಮಾತು ತಡವಾದ ಮಳೆಗಾಲ

ಹೋದ ಜುಲೈಯಲ್ಲಿ ಕಾರ್ಕಳಕ್ಕೆ ಹೋಗುವ ಕೆಲಸವಿತ್ತು. ಶೃಂಗೇರಿ ದಾಟಿ ಕೆರೆಕಟ್ಟೆಯಲ್ಲಿ ಬಸ್ಸು ನಿಂತಾಗ ಕಿಟಕಿಯ ಗಾಜು ಸರಿಸಿದೆ. ಯಾರದೋ ಮನೆಯ ಬಚ್ಚಲೊಲೆಯ ಹೊಗೆ ಮಳೆಗೆ ಮೇಲೇಳಲಾರದೆ ರಸ್ತೆಯ ಮೇಲೇ ಹರಡಿಕೊಂಡಿತ್ತು. ಹಸಿ ಕಟ್ಟಿಗೆಯ ಹೊಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಎಂತ ಮಾರಾಯ್ತಿ, ಹೊಗೆಯೆಲ್ಲ ಒಳಗೆ ಬತ್ತಾ ಉಂಟು, ಗಾಜು ಎಳೀರಿ” ಎಂದಳು. ಎಳೆದೆ. ಅಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ಹೊಗೆಗೆ ಎಂದು ಅವಳು ತಿಳಿದುಕೊಂಡಿರಬೇಕು, ತಿಳಿದುಕೊಳ್ಳಲಿ ಎಂದುಕೊಂಡೆ.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ನಾನು ಹೆಚ್ಚುಕಡಿಮೆ ಪ್ರತಿ ಭಾನುವಾರ ಈ ಕೆರೆಕಟ್ಟೆಗೆ ಬರುತ್ತಿದ್ದೆ. ಕೊಪ್ಪದ ಬಾಳಗಡಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಾಲೇಜಿನವರ ಪ್ರಾಜೆಕ್ಟು, ಮದುವೆ ಕಾಗದ, ಸೊಸೈಟಿಯ ನೋಟಿಸು ಇವನ್ನೆಲ್ಲ ಟೈಪು ಮಾಡುವುದು, ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುವುದು. ಹೆಂಗಸು ಸ್ಕ್ರೂಡ್ರೈವರ್ ಹಿಡಿದದ್ದು ನೋಡಿ ಮೊದಮೊದಲು ಜನ ಬಾಗಿಲಲ್ಲೇ ನಿಂತು ಯೋಚನೆ ಮಾಡುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ನನಗೂ ಸ್ವಲ್ಪ ಕೊಬ್ಬು ಬಂತು. ನನ್ನ ಕೈಗೆ ಬಂದ ಯಂತ್ರ ಸರಿಯಾಗದೆ ಹೋಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು.

ಶೀನಣ್ಣ ಕೆರೆಕಟ್ಟೆಯಿಂದ ಶೃಂಗೇರಿ, ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ನಾನು ಕಾಲೇಜಿಗೆ ಹೋಗಿದ್ದೇ ಅವನ ಬಸ್ಸಿನಲ್ಲಿ. ಆ ಬಸ್ಸಿನಲ್ಲಿ ಟಿಕೆಟಿನ ಜೊತೆಗೆ ಒಂದು ಮಾತು ಸಿಗದೆ ಯಾರೂ ಇಳಿದದ್ದಿಲ್ಲ. “ಈ ಬಸ್ಸು ಕೊಪ್ಪಕ್ಕೆ ಹೋಗ್ತದಾ?” ಎಂದು ಯಾರಾದರೂ ಕೇಳಿದರೆ, “ಬಸ್ಸಂತೂ ಹೋಗ್ತದೆ, ನೀವು ಹತ್ತಿದ್ರೆ ನೀವೂ ಹೋಗ್ಬಹುದು” ಎನ್ನುತ್ತಿದ್ದ. ಬಾಗಿಲಲ್ಲೇ ಗುಂಪು ಕಟ್ಟಿ ನಿಲ್ಲುವ ನಮಗೆ, “ಮುಂದೆ ಹೋಗಿ ಮುಂದೆ ಹೋಗಿ, ಡ್ರೈವರ್ ಕಚ್ಚೋದಿಲ್ಲ, ಅವನಿಗೆ ತಿಂಡಿ ಆಗಿದೆ” ಎಂದು ಕೂಗುತ್ತಿದ್ದ. ಡ್ರೈವರ್ ಬಾಬಣ್ಣ ಕನ್ನಡಿಯಲ್ಲೇ ನಗುತ್ತಿದ್ದ. ಇವೇನು ದೊಡ್ಡ ಮಾತುಗಳಲ್ಲ, ಬರೆದು ನೋಡಿದರೆ ನಗೆಯೂ ಬರುವುದಿಲ್ಲ. ಆದರೆ ಎದುರಿನವರ ಬಾಯಿ ಮುಚ್ಚುವುದರೊಳಗೆ ಶೀನಣ್ಣನ ಮಾತು ಬಂದು ಬಿದ್ದಿರುತ್ತಿತ್ತು. ಆ ಬಿರುಸಿನಲ್ಲೇ ಎಲ್ಲ ಇದ್ದದ್ದು.

ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಅವನಿಗೆ ದಿನವಿಡೀ ಬೇಕಿತ್ತು. ಆ ಮಳೆಗಾಲಕ್ಕೆ ಮೊದಲಿನ ಚಳಿಯಲ್ಲಿ ಗಂಟಲು ಕಟ್ಟಿತು, ಕಟ್ಟಿದ್ದು ಬಿಡಲಿಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡುವುದಕ್ಕೊಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ. ಜೀವ ಉಳಿಯಿತಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಹೇಳಿ ಬಂದೆ. ಹೇಳಿದ ಮೇಲೆ ಅವನ ಮುಖ ನೋಡಿ ಹೇಳಬಾರದಿತ್ತು ಅನ್ನಿಸಿತು.

ಬಸ್ಸು ಮಧ್ಯಾಹ್ನ ಕೆರೆಕಟ್ಟೆಗೆ ಬಂದು ತಿರುಗಿ ಹೊರಡುವುದರ ನಡುವೆ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಶೀನಣ್ಣನ ಮನೆ ಸ್ಟಾಪಿನ ಎದುರಿಗೇ. ಬಾಬಣ್ಣ, ಹೊಸ ಕಂಡಕ್ಟರ್, ಕಾಡಿನ ಕೆಲಸಕ್ಕೆ ಹೋಗುವ ಪುಟ್ಟಯ್ಯ ಮೂವರೂ ಆ ಹೊತ್ತಿಗೆ ಅವನ ಮನೆಗೆ ಟೀ ಕುಡಿಯಲು ಬರುತ್ತಿದ್ದರು. ದಿನದಲ್ಲಿ ಶೀನಣ್ಣನಿಗೆ ಉಳಿದಿದ್ದ ಲೋಕವೆಂದರೆ ಆ ಇಪ್ಪತ್ತು ನಿಮಿಷ. ಅವನು ನೋಟುಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದ. ಬಾಬಣ್ಣನಿಗೆ ಹತ್ತಿರದ್ದು ಕಾಣದು, ಪುಟ್ಟಯ್ಯನಿಗೆ ಓದು ಬಾರದು. ಹೊಸ ಕಂಡಕ್ಟರ್ ಎಲ್ಲರಿಗೂ ಓದಿ ಹೇಳುವಾಗ ಶೀನಣ್ಣನ ತಮಾಷೆ ಪಂಚಾಯ್ತಿ ಪ್ರಕಟಣೆಯ ಹಾಗೆ ಕೇಳುತ್ತಿತ್ತು.

ಇದನ್ನು ನೋಡಿಯೇ ನಾನು ಕಂಪ್ಯೂಟರಿನ ಯೋಚನೆ ಮಾಡಿದ್ದು. ಅಂಗಡಿಯ ಹಳೇ ಭಾಗಗಳನ್ನೆಲ್ಲ ಜೋಡಿಸಿ ಒಂದು ಯಂತ್ರ ಕಟ್ಟಿ ಏಪ್ರಿಲ್‌ನಲ್ಲಿ ಅವನ ಮನೆಯ ಜಗಲಿಯ ಮೇಜಿನ ಮೇಲೆ ಇಟ್ಟೆ. ಅವನು ಒಂದೇ ಬೆರಳಿನಲ್ಲಿ ಟೈಪು ಮಾಡುವುದನ್ನು ತಿಂಗಳೊಳಗೆ ಕಲಿತ. ಮೂವತ್ತು ವರ್ಷ ಟಿಕೆಟ್ ಹರಿದ ಬೆರಳು, ಬಲು ಚುರುಕು. ಆದರೆ ಅದರಲ್ಲಿದ್ದ ಸಿಸ್ಟಮ್ಮಿಗೆ ಕನ್ನಡ ಮಾತಾಡಲು ಬರುತ್ತಿರಲಿಲ್ಲ. ಯಾರು ಬೇಕಾದರೂ ಬಳಸಬಹುದಾದ, ತೆರೆದಿಟ್ಟ ಸಿಸ್ಟಮ್ ಒಂದುಂಟು, ಲಿನಕ್ಸ್ ಎಂದು, ಅದರಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಇದೆ ಎಂದು ಇಂಟರ್ನೆಟ್ಟಿನಲ್ಲಿ ಓದಿದೆ. ಅಂಗಡಿಯಲ್ಲಿ ವಾರಗಟ್ಟಲೆ ಕೂತು ಕಲಿತೆ. ಜೂನ್ ನಡುವಿನ ಒಂದು ಭಾನುವಾರ ಸಿ.ಡಿ. ಹಿಡಿದುಕೊಂಡು ಕೆರೆಕಟ್ಟೆಗೆ ಹೋಗಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ.

ಆ ದಿನದ ಸಂತೋಷವನ್ನು ಹೇಳಲೇಬೇಕು. ಶೀನಣ್ಣ ಮೊದಲು ತನ್ನ ಹೆಂಡತಿಯ ಹೆಸರು ಟೈಪು ಮಾಡಿದ. ಮೂಗಿನಲ್ಲಿ ಮಾತಾಡುವ ಗಂಡಸಿನ ಧ್ವನಿಯೊಂದು “ಲಲಿತಾ” ಎಂದಿತು. ಅಡುಗೆಮನೆಯಿಂದ ಲಲಿತಕ್ಕ “ಹಾಂ, ಬಂದೆ” ಎಂದು ಓಗೊಟ್ಟು ಹೊರಗೆ ಬಂದವಳು ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಐದು ತಿಂಗಳ ಮೇಲೆ ಗಂಡ ಕರೆದಿದ್ದ. ಅವಳು ಅಳುವುದರೊಳಗೆ ಅವನು ಇನ್ನೊಂದು ಟೈಪು ಮಾಡಿದ್ದ. “ಟೀ ಎಲ್ಲಿ?” ಎಂದಿತು ಯಂತ್ರ.

ಅದೇ ಸಂಜೆ ಮಳೆ ಹಿಡಿಯಿತು. ಕೆರೆಕಟ್ಟೆಯ ಮಳೆ ಎಂದರೆ ಕಬ್ಬಿಣದ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಬರುವಂಥದ್ದು. “ಜಗಲೀಲಿ ಬೇಡ ಸುಮಾ, ಥಂಡಿಗೆ ಹಾಳಾಗ್ತದೆ. ನಡುಮನೇಲಿ ಬಚ್ಚಲ ಗೋಡೆ ಹತ್ರ ಇಡಾಣ. ಗೋಡೆ ಯಾವಾಗ್ಲೂ ಬೆಚ್ಚಗಿರ್ತದೆ” ಎಂದಳು ಲಲಿತಕ್ಕ. ಗೋಡೆಯ ಆಚೆ ಬದಿಗೆ ಸ್ನಾನದ ನೀರಿನ ಒಲೆ. ಮಳೆಗಾಲದಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತಿರುತ್ತದೆ. ನಮ್ಮ ಕಡೆ ಬೀಜ, ಹಪ್ಪಳ, ಮಕ್ಕಳ ಪುಸ್ತಕ ಹಾಳಾಗಬಾರದು ಎಂದಿದ್ದೆಲ್ಲ ಹೋಗುವುದು ಒಲೆಯ ಹತ್ತಿರಕ್ಕೇ. ನನ್ನ ಅಂಗಡಿಯ ಕಪಾಟಿನಲ್ಲೂ ಬೆಚ್ಚಗಿರಲಿ ಎಂದು ಬಲ್ಬು ಉರಿಯುತ್ತಿರುತ್ತದೆ. “ಒಳ್ಳೇ ಜಾಗ ಲಲಿತಕ್ಕ, ನಂಗೇ ಹೊಳೀಲಿಲ್ಲ” ಎಂದೆ. ಪೆಟ್ಟಿಗೆ ಹೊತ್ತು ಅಲ್ಲಿ ಇಟ್ಟವಳೂ ನಾನೇ.

ಎರಡು ವಾರ ಕಳೆದು ಹೋದಾಗ ಶೀನಣ್ಣನ ಮುಖ ಸಪ್ಪಗಿತ್ತು. ಟೈಪು ಮಾಡಿದ ಅಕ್ಷರ ಪರದೆಯ ಮೇಲೆ ಮೂಡುವುದಕ್ಕೇ ತಡ, ಮೂಡಿದ್ದು ಧ್ವನಿಯಾಗುವುದಕ್ಕೆ ಇನ್ನೂ ತಡ. ಬೆಳಿಗ್ಗೆ ಚಾಲೂ ಮಾಡಿದಾಗ ಸರಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ತೆವಳುತ್ತದೆ ಎಂದು ಅವನು ಬರೆದು ತೋರಿಸಿದ. ನಾನು ಅದನ್ನು ಓದಿದೆ, ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಹಳೇ ಸಿಸ್ಟಮ್ ಇದ್ದಾಗ ಚೆನ್ನಾಗಿತ್ತು, ಹೊಸತು ಹಾಕಿದ ಮೇಲೆ ನಿಧಾನ, ಹಾಗಾಗಿ ತಪ್ಪು ಹೊಸತರದ್ದು. ಕಿಟಕಿಗಳು ಕುಣಿದುಕೊಂಡು ತೆರೆಯುವ ಅಲಂಕಾರಗಳನ್ನೆಲ್ಲ ನಿಲ್ಲಿಸಿದೆ. ಹಿಂದಿನಿಂದ ಫೈಲುಗಳನ್ನು ಹುಡುಕಿ ಪಟ್ಟಿ ಮಾಡುವ ಕೆಲಸವೊಂದು ನಡೆಯುತ್ತಿತ್ತು, ಅದನ್ನೂ ತೆಗೆದೆ. ಸ್ವಲ್ಪ ಹಗುರಾದಂತೆ ಕಂಡಿತು. ಸರಿಯಾಯಿತು ಎಂದು ಹೇಳಿ ಸಂಜೆಯ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಹೋದಾಗ ಟೀ ಹೊತ್ತು. ಮೂವರೂ ನಡುಮನೆಯಲ್ಲಿ ಕೂತಿದ್ದರು. ಪುಟ್ಟಯ್ಯ ಮೂಲೆಯಲ್ಲಿ ಕುಡಿಯದ ಟೀ ಲೋಟವನ್ನು ಹಿಡಿದುಕೊಂಡಿದ್ದ. ಬಾಬಣ್ಣ ಹೊಸ ಕಂಡಕ್ಟರನನ್ನು ತೋರಿಸುತ್ತ, “ಈ ಪುಣ್ಯಾತ್ಮ ನಿನ್ನೆ ಸ್ವಂತ ಅತ್ತೇನ ಕೊಪ್ಪದವರೆಗೂ ನಿಲ್ಲಿಸಿಕೊಂಡೇ ಹೋದ ಮಾರಾಯ. ಒಂದು ಸೀಟು ಕೊಡಿಸ್ಲಿಲ್ಲ” ಎಂದ. ಶೀನಣ್ಣನ ಕಣ್ಣು ಹೊಳೆಯಿತು. ಇಂಥ ಮಾತಿಗೇ ಅವನು ಕಾಯುತ್ತಿದ್ದದ್ದು. ತಿರುಗಿ ಕೂತು ಬೆರಳು ಓಡಿಸಿದ. ನಾವೆಲ್ಲ ಅವನ ಕಡೆ ನೋಡಿದೆವು. ಯಂತ್ರ ಸುಮ್ಮನಿತ್ತು. ಸ್ವಲ್ಪ ಹೊತ್ತು ಕಾದೆವು. ಆಮೇಲೆ ಕಾಯುವುದೇ ಮುಜುಗರವಾಗಿ ಬಾಬಣ್ಣ ಪುಟ್ಟಯ್ಯನ ಕಡೆ ತಿರುಗಿ, “ನೀ ಎಂತಕ್ಕೆ ಈ ವಾರ ಕಾಣ್ಲೇ ಇಲ್ಲ?” ಎಂದು ಕೇಳಿದ.

“ಅವ್ವ ಹೋದ್ಲು ಬಾಬಣ್ಣ” ಎಂದ ಪುಟ್ಟಯ್ಯ. “ಬುಧವಾರ. ಮಳೇಲಿ ಯಾರಿಗೂ ಹೇಳಿ ಕಳಿಸಕ್ಕೆ ಆಗ್ಲಿಲ್ಲ.”

ಬಾಬಣ್ಣ ಲೋಟ ಕೆಳಗಿಟ್ಟ. ಆಗ ಯಂತ್ರ ಮಾತಾಡಿತು. “ಎಂಜಿನ್ ಮೇಲೆ ಕೂರಿಸಬೇಕಿತ್ತು. ಮುದುಕಿ ಬೆಚ್ಚಗೆ ಇರ್ತಿದ್ಲು.”

ಶೀನಣ್ಣ ಮೇಲೆದ್ದು ನಿಂತಿದ್ದ. ನಿಲ್ಲಿಸುವ ಕೀಲಿಯನ್ನು ಒತ್ತುತ್ತಲೇ ಇದ್ದ. ಅದಕ್ಕೂ ಯಂತ್ರ ತಡಮಾಡಿತು, ಆ ವಾಕ್ಯವನ್ನೇ ಮತ್ತೊಮ್ಮೆ ಹೇಳಲು ಹೊರಟಿತು. ಅವನು ಬಗ್ಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತ. ಪುಟ್ಟಯ್ಯ ಪಾಪ, “ನಂಗೆ ಗೊತ್ತು ಶೀನಣ್ಣ, ಅದು ಅತ್ತೆ ಮಾತಿಗೆ ಹೇಳಿದ್ದು, ನಂಗೆ ಗೊತ್ತು” ಎಂದು ಎರಡು ಸಲ ಹೇಳಿದ. ಶೀನಣ್ಣ ಅವನ ಕೈ ಹಿಡಿದುಕೊಂಡ. ಬಾಯಿ ಆಡುತ್ತಿತ್ತು, ಧ್ವನಿ ಇರಲಿಲ್ಲ. ಕುತ್ತಿಗೆಯ ಬಟ್ಟೆ ಉಸಿರಿಗೆ ಏರಿಳಿಯುತ್ತಿತ್ತು. ಬಾಬಣ್ಣ ಅವತ್ತು ಐದು ನಿಮಿಷ ಮೊದಲೇ ಬಸ್ಸು ಹೊರಡಿಸಿದ.

ಅವತ್ತಿನಿಂದ ಶೀನಣ್ಣ ತಮಾಷೆ ಟೈಪು ಮಾಡುವುದನ್ನು ಬಿಟ್ಟ. “ಹೌದು”, “ಇಲ್ಲ”, “ಟೀ ಕುಡಿರಿ”, ಅಷ್ಟೇ. ಅವು ತಡವಾಗಿ ಬಂದರೂ ಯಾರಿಗೂ ನೋವಾಗುವುದಿಲ್ಲವಲ್ಲ.

ನನಗೆ ಹಟ ಬಂತು. ಪ್ಲಗ್ ಕಿತ್ತದ್ದರಿಂದ ಡಿಸ್ಕು ಹಾಳಾಗಿರಬಹುದು ಎಂದು ಅದನ್ನು ಪರೀಕ್ಷಿಸಿದೆ. ಇನ್ನೊಂದು ವಾರ ನೆನಪಿನ ಶಕ್ತಿ ಹೆಚ್ಚಲಿ ಎಂದು ಅಂಗಡಿಯ ಯಂತ್ರದಿಂದ ರ್‍ಯಾಮ್ ಕಿತ್ತುಕೊಂಡು ಹೋಗಿ, ಪೆಟ್ಟಿಗೆಯ ಪಕ್ಕದ ತಗಡನ್ನು ಅರ್ಧ ಸರಿಸಿ, ಬ್ಯಾಟರಿ ಬೆಳಕಿನಲ್ಲಿ ಕೈ ತೂರಿಸಿ ಸಿಕ್ಕಿಸಿದೆ. ಆಗಲೇ ತಗಡು ಪೂರ್ತಿ ತೆಗೆದಿದ್ದರೆ! ಮಧ್ಯಾಹ್ನದ ಬಸ್ಸಿಗೆ ಮೊದಲೇ ಮುಗಿಸುವ ಅವಸರ ನನಗೆ. ಪರದೆಯನ್ನು ನಡೆಸುವ ತಂತ್ರಾಂಶ ಬದಲಾಯಿಸಿದೆ. ಪರದೆಯ ಮೇಲೆ ಕಾಣುವ ಇಡೀ ಡೆಸ್ಕ್‌ಟಾಪನ್ನೇ ತೆಗೆದು ಹಗುರವಾದ ಇನ್ನೊಂದನ್ನು ಹಾಕಿದೆ. ಪ್ರತಿ ಸಲವೂ ಮತ್ತೆ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಚುರುಕಾಗಿರುತ್ತಿತ್ತು, ನಾನು ಗೆದ್ದೆ ಅಂದುಕೊಂಡು ಬಸ್ಸು ಹತ್ತುತ್ತಿದ್ದೆ. ಒಮ್ಮೆಯಂತೂ ಹಳೇ ಸಿಸ್ಟಮ್ಮನ್ನೇ ವಾಪಸ್ ಹಾಕಿಬಿಡಲೇ ಎಂದು ಶೀನಣ್ಣನನ್ನು ಕೇಳಿದೆ. ಅವನು ನೋಟುಬುಕ್ಕು ತೆಗೆದು, “ಬೇಡ. ಲಲಿತಾ ಅಂತ ಕರೀತದಲ್ಲ” ಎಂದು ಬರೆದ.

ಬೇರೆ ಬೇರೆ ಊರಿನವರು ಇಂಥ ತೊಂದರೆಗಳನ್ನು ಹೇಳಿಕೊಳ್ಳುವ ಇಂಟರ್ನೆಟ್ ಗುಂಪೊಂದರಲ್ಲಿ ನಾನೂ ಬರೆದಿದ್ದೆ. ಹತ್ತಾರು ಜನ ಹತ್ತಾರು ಔಷಧಿ ಹೇಳಿದರು, ಎಲ್ಲ ಮಾಡಿಯೂ ಆಯಿತು. ಒಬ್ಬ ಮಾತ್ರ ಒಂದೇ ಸಾಲಿನ ಪ್ರಶ್ನೆ ಕೇಳಿದ್ದ. ಯಂತ್ರ ಎಷ್ಟು ಬಿಸಿಯಾಗುತ್ತದೆ? ನಾನು ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕೆ. ಜುಲೈ ತಿಂಗಳ ಕೆರೆಕಟ್ಟೆಯಲ್ಲಿ ಬಿಸಿಯಂತೆ! ಒಂದು ಟವೆಲು ಒಣಗಲು ವಾರ ಬೇಕಾದ ಊರು. ಈ ಮನುಷ್ಯ ಯಾವುದೋ ಬಯಲುಸೀಮೆಯವನಿರಬೇಕು, ನಮ್ಮ ಮಳೆ ಕಂಡವನಲ್ಲ ಎಂದುಕೊಂಡೆ. ಅವನಿಗೆ ಉತ್ತರ ಬರೆಯುವ ಸೌಜನ್ಯವನ್ನೂ ತೋರಿಸಲಿಲ್ಲ.

ಆಗಸ್ಟ್ ಹೀಗೇ ಹೋಯಿತು. ನಾನು ಹೋದಾಗಲೆಲ್ಲ ಗಮನಿಸುತ್ತಿದ್ದೆ, ಟೀ ಹೊತ್ತಿನ ಮಾತು ಬೇರೆ ದಾರಿ ಹಿಡಿದಿತ್ತು. ಬಾಬಣ್ಣ ಮೊದಲೆಲ್ಲ, “ಏನು ಶೀನ, ನೀನೇ ಹೇಳು” ಎಂದು ಅವನನ್ನು ಮಾತಿಗೆ ಎಳೆಯುತ್ತಿದ್ದ. ಈಗ ಎಳೆಯುತ್ತಿರಲಿಲ್ಲ. ಕೇಳಿದರೆ ಅವನು ಟೈಪು ಮಾಡಬೇಕು, ಯಂತ್ರ ತಡಮಾಡಬೇಕು, ಅವನಿಗೆ ಅವಮಾನವಾಗಬೇಕು. ಅದನ್ನು ತಪ್ಪಿಸುವುದೇ ಒಳ್ಳೆಯದೆಂದು ಮೂವರೂ ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು. ಅವನ ಬಗ್ಗೆ ಕೇಳಬೇಕಾದ್ದನ್ನು ಲಲಿತಕ್ಕನನ್ನು ಕೇಳುತ್ತಿದ್ದರು. ಅವನ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ದು. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಆಗುವುದಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ನಾನು ಸೋತು ಕೂತಿದ್ದಾಗ ಲಲಿತಕ್ಕ ಟೀ ತಂದಿಟ್ಟಳು. ಪೆಟ್ಟಿಗೆಯ ಮೇಲೆ ಅವರ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಅದನ್ನು ಎಬ್ಬಿಸುತ್ತ ಅವಳು, “ಏಳು ಏಳು. ಮೊದಲು ಒಲೆದಂಡೆ ಬಿಟ್ಟು ಏಳ್ತಿರ್ಲಿಲ್ಲ ಇದು. ಈಗ ಒಲೆ ಬೇಡವಂತೆ, ಇದೇ ಹೆಚ್ಚು ಬೆಚ್ಚಗಂತೆ” ಎಂದಳು.

ನಾನು ಲೋಟ ಕೆಳಗಿಟ್ಟು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಇಟ್ಟ ಕೈ ಎಳೆದುಕೊಂಡೆ. ಸ್ವಿಚ್ಚು ಆರಿಸಿ ನಾಲ್ಕೂ ಸ್ಕ್ರೂ ಬಿಚ್ಚಿ ತಗಡು ಪೂರ್ತಿ ತೆಗೆದೆ. ಒಳಗೆ ಕಪ್ಪಗೆ, ಜಿಡ್ಡಾಗಿ, ಬೆರಳು ದಪ್ಪ ಮಸಿ. ಗೋಡೆಯ ಮೇಲಂಚಿನ ಸಂದಿನಿಂದ ಎರಡೂವರೆ ತಿಂಗಳು ಇಳಿದ ಬಚ್ಚಲೊಲೆಯ ಹೊಗೆ, ಬೂದಿ, ಬೆಕ್ಕಿನ ಕೂದಲು ಎಲ್ಲ ಸೇರಿ ಫ್ಯಾನನ್ನು ಹಿಡಿದು ನಿಲ್ಲಿಸಿದ್ದವು. ಗಾಳಿ ಸಿಗದ ಪ್ರೊಸೆಸರ್ ಸುಟ್ಟುಹೋಗದಿರಲು ತನ್ನ ಓಟವನ್ನೇ ಕಡಿಮೆ ಮಾಡಿಕೊಂಡು ತೆವಳುತ್ತಿತ್ತು. ಹೊಸ ಸಿಸ್ಟಮ್ಮಿನದು ಒಂದಿಷ್ಟೂ ತಪ್ಪಿರಲಿಲ್ಲ.

ಲಲಿತಕ್ಕ ಬಗ್ಗಿ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. “ಅಯ್ಯೋ, ಇಲ್ಲಿ ಇಡ್ಸಿದ್ದು ನಾನೇ ಅಲ್ದಾ” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಇಲ್ಲ ಲಲಿತಕ್ಕ, ಒಳ್ಳೇ ಜಾಗ ಅಂದವಳು ನಾನು, ಹೊತ್ತು ಇಟ್ಟವಳು ನಾನು, ಬಿಸಿ ಎಷ್ಟು ಎಂದು ಕೇಳಿದವನಿಗೆ ನಕ್ಕವಳು ನಾನು, ಇಷ್ಟನ್ನೂ ಹೇಳಬೇಕಿತ್ತು. ನಾನು ಹೇಳಿದ್ದು, “ಒಂದು ಹಳೇ ಹಲ್ಲುಜ್ಜೋ ಬ್ರಶ್ ಇದ್ರೆ ಕೊಡಿ” ಎಂದಷ್ಟೇ. ನನ್ನ ಹೆಸರು ಕೆಡುವುದೆಂಬ ಭಯ. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಶೀನಣ್ಣ ಅವಳ ಬೆನ್ನು ತಟ್ಟಿ ಸಮಾಧಾನ ಮಾಡಿದ, ನನ್ನ ಕಡೆ ನೋಡಲಿಲ್ಲ.

ಬ್ರಶ್ಶಿನಿಂದ ಉಜ್ಜಿ, ಒರೆಸಿ, ಫ್ಯಾನಿಗೆ ಒಂದು ತೊಟ್ಟು ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ತಂದಿಟ್ಟು ಚಾಲೂ ಮಾಡಿದೆ. ಶೀನಣ್ಣ ಕೂತು ಟೈಪು ಮಾಡಿದ. ಬೆರಳು ಎತ್ತುವುದರೊಳಗೆ ಧ್ವನಿ ಬಂತು. “ಮುಂದೆ ಹೋಗಿ.” ನಾನು ನಕ್ಕೆ, ಅವನೂ ಧ್ವನಿಯಿಲ್ಲದೆ ಮೈಯೆಲ್ಲ ಅಲುಗಿಸಿ ನಕ್ಕ. ಆ ವಾರವೆಲ್ಲ ಅವನು ಲಲಿತಕ್ಕನನ್ನು ಕರೆದದ್ದೇ ಕರೆದದ್ದಂತೆ.

ಅವನಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅಕ್ಟೋಬರಿನಲ್ಲಿ ರೋಗ ಎದೆಗೆ ಇಳಿದಿದೆ ಎಂದು ಎರಡನೇ ಸಲ ಘಟ್ಟ ಇಳಿಸಿದರು, ಅಲ್ಲಿಂದ ಅವನು ಬರಲಿಲ್ಲ. ಲಲಿತಕ್ಕ ಮನೆ ಬಿಟ್ಟು ನರಸಿಂಹರಾಜಪುರದ ತಂಗಿಯ ಜೊತೆಗೆ ಹೋದಳು. ಸಾವಿಗೆ ಯಾರೂ ಏನೂ ಮಾಡುವಂತಿರಲಿಲ್ಲ, ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಒಪ್ಪಿಕೊಳ್ಳಲಾಗದೆ ಉಳಿದದ್ದು ಸೆಪ್ಟೆಂಬರಿನ ಎರಡನೇ ಭಾನುವಾರ.

ಅವತ್ತು ನಾನು ಬೇಕೆಂದೇ ಮಧ್ಯಾಹ್ನದ ಬಸ್ಸಿಗೆ ಹೋದೆ. ಅವನು ಮತ್ತೆ ಮಾತಾಡುವುದನ್ನು ನೋಡಬೇಕಿತ್ತು. ಬಾಬಣ್ಣನಿಗೆ ದಾರಿಯಲ್ಲೇ ಹೇಳಿದ್ದೆ, ಯಂತ್ರ ಸರಿಯಾಗಿದೆ, ಈಗ ತಡವಾಗುವುದಿಲ್ಲ ಎಂದು. “ಹೌದಾ ಮಾರಾಯ್ತಿ, ಒಳ್ಳೇದಾತು” ಎಂದು ಅವನು ನಿಜವಾಗಿಯೂ ಖುಷಿಪಟ್ಟ. ಮೂವರೂ ಬಂದು ಕೂತರು. ಶೀನಣ್ಣ ಕಿಟಕಿಯ ಹತ್ತಿರ ಯಂತ್ರದ ಮುಂದೆ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಮಾತು ಶುರುವಾಯಿತು. ರಸ್ತೆಗೆ ಬಿದ್ದ ಮರ, ಕೆಟ್ಟ ವೈಪರು, ಸಿರಿಮನೆ ಜಲಪಾತಕ್ಕೆ ಬಂದು ಕೆಸರಲ್ಲಿ ಹೂತ ಯಾರದೋ ಕಾರು. ಮಾತು ಮೂವರೊಳಗೇ ಸುತ್ತುತ್ತಿತ್ತು. ಶೀನಣ್ಣನ ಹತ್ತಿರ ಬಂದಾಗ ಸ್ವಲ್ಪ ತಗ್ಗಿ, ಅವನನ್ನು ದಾಟಿಕೊಂಡು ಹೋಗುತ್ತಿತ್ತು. ಎರಡು ತಿಂಗಳ ಅಭ್ಯಾಸ, ಅವರಿಗೇ ಗೊತ್ತಿಲ್ಲದೆ ಹಾಗಾಗುತ್ತಿತ್ತು.

ಆಗ ಶೀನಣ್ಣ ಟೈಪು ಮಾಡಿದ. ಯಂತ್ರ ತಟ್ಟನೆ ಹೇಳಿತು. “ಪೆಟ್ಟಿಗೆ ಸರಿ ಆಗಿದೆ ಮಾರಾಯ್ರೆ. ಈಗ ನಿಧಾನ ಆಗಿರೋದು ನೀವು.”

ಎಲ್ಲರೂ ಗೊಳ್ಳೆಂದು ನಕ್ಕರು. ಹಳೇ ಶೀನಣ್ಣ ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ ಹಾಗೇ ಇತ್ತು, ಅಷ್ಟು ಸರಿಯಾದ ಹೊತ್ತಿಗೆ. ಪುಟ್ಟಯ್ಯ ತೊಡೆ ತಟ್ಟಿಕೊಂಡು ನಕ್ಕ. ಬಾಬಣ್ಣ ನಗುತ್ತ ನಗುತ್ತ ಟವೆಲಿನಿಂದ ಕಣ್ಣು ಒರೆಸಿಕೊಂಡ. ಶೀನಣ್ಣನ ಮುಖ ಅರಳಿತ್ತು, ಬೆರಳು ಕೀಲಿಗಳ ಮೇಲೇ ಇತ್ತು, ಮುಂದಿನ ಮಾತಿಗೆ ತಯಾರಾಗಿ.

ಬಾಬಣ್ಣ ಟವೆಲು ಹೆಗಲಿಗೆ ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಲಿತಕ್ಕನ ಕಡೆ ತಿರುಗಿ, “ಊಟ ಗೀಟ ಸೇರ್ತದಾ ಇವ್ನಿಗೆ?” ಎಂದು ಕೇಳಿದ.

ಶೀನಣ್ಣ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಅವನೂ ಉಳಿದವರ ಹಾಗೆ ಲಲಿತಕ್ಕನ ಕಡೆ ತಿರುಗಿ, ಅವಳು ಏನು ಹೇಳುತ್ತಾಳೋ ಎಂದು ಕಾದ.